ಮುಗಿಯಬಾರದ ಗೋಡೆ

ನೆವಿಲ್ ಪೆಟಿಟ್ ಮಹಡಿ ಮೆಟ್ಟಿಲು ಹತ್ತಿ, ಮೇಲೆ ನಿಂತು, ಬಚ್ಚಲಮನೆಯ ಬಾಗಿಲು ಹುಡುಕುತ್ತಿದ್ದ. ಮದುವೆಯಾದ ಮರುವರ್ಷದಿಂದ ಅವನು ವಾಸವಿದ್ದ ಮನೆ ಅದು. ಬಾಗಿಲು ಎಲ್ಲಿಗೂ ಓಡಿಹೋಗಿರಲಿಲ್ಲ, ಮೂಗಿನ ಮುಂದೆಯೇ ಇತ್ತು. ಆದರೆ ಬಾಗಿಲಿಗೂ ಗೋಡೆಗೂ ಒಂದೇ ಬಣ್ಣ. ಬಾಗಿಲ ಚೌಕಟ್ಟಿಗೆ, ನೆಲದಂಚಿನ ಮರದ ಪಟ್ಟಿಗೆ, ರೇಡಿಯೇಟರಿಗೆ, ತಲೆಯ ಮೇಲಿನ ಚಾವಣಿಗೆ, ಎಲ್ಲಕ್ಕೂ ಅದೇ. ಇಡೀ ಮನೆಯನ್ನು ಹಿಡಿದು ಬಣ್ಣದ ಡಬ್ಬಿಯಲ್ಲಿ ಅದ್ದಿ ತೆಗೆದಂತಿತ್ತು. ಈಗಿನ ಫ್ಯಾಷನ್ನೇ ಹಾಗೆ. ಆ ಬಣ್ಣದ ಹೆಸರು 'ನೆನೆದ ಕೊಕ್ಕರೆ'. ಇಂಗ್ಲೆಂಡಿನಲ್ಲಿ ಪೇಂಟ್ ಡಬ್ಬಿಗಳಿಗೆ ಹೆಸರಿಡುವವರು ಬೇರೆಲ್ಲೂ ಕೆಲಸ ಸಿಗದೆ ಬಂದ ಕವಿಗಳಿರಬೇಕು. ಅದೇ ಅಂಗಡಿಯಲ್ಲಿ 'ಪಾದ್ರಿಯ ನಿಟ್ಟುಸಿರು' ಎಂಬ ಬಿಳಿಯೂ ಇತ್ತು.

ನೆವಿಲ್ ಗೋಡೆಯನ್ನು ಅಂಗೈಯಿಂದ ತಡವುತ್ತ ಹೋದ. ಕೈಗೆ ಒಂದು ಹಿಡಿ ಸಿಕ್ಕಿತು, ಎಳೆದ, ಬಾಗಿಲು ತೆರೆಯಿತು. ಒಳಗೆ ಕತ್ತಲೆ, ಬೆಚ್ಚಗಿನ ಗಾಳಿ. ಸಮಾಧಾನವಾಗಿ ಪ್ಯಾಂಟಿನ ಗುಂಡಿ ಬಿಚ್ಚಿದ.

ಕೆಳಗಿನಿಂದ ಗ್ಲೆಂಡಾ ಕೂಗಿದಳು. "ನೆವ್! ಅದು ಟವೆಲ್ ಕಪಾಟು ಕಣೋ! ಅಯ್ಯೋ ನಿಲ್ಸೋ!"

ನಿಲ್ಲಿಸುವ ಘಟ್ಟ ದಾಟಿತ್ತು. ಅವನು ಗುಂಡಿ ಹಾಕಿಕೊಂಡು, ಏದುಸಿರು ಬಿಡುತ್ತ ಬಂದ ಹೆಂಡತಿಯನ್ನು ನೋಡಿ, ಬಹಳ ಮರ್ಯಾದೆಯಿಂದ ಹೇಳಿದ. "ಕ್ಷಮಿಸಿ ಮೇಡಂ. ನಿಮ್ಮ ಹೋಟೆಲ್ ಅಚ್ಚುಕಟ್ಟಾಗಿದೆ. ಆದ್ರೆ ಎಲ್ಲೆಲ್ಲಿ ಏನೇನಿದೆ ಅಂತ ಒಂದು ಬೋರ್ಡ್ ಹಾಕ್ಸಿ. ಈಗ ನಾನು ಮನೆಗೆ ಹೊರಡ್ತೀನಿ."

ಗ್ಲೆಂಡಾ ಟವೆಲುಗಳನ್ನು ಬಾಚಿಕೊಂಡು ವಾಷಿಂಗ್ ಮೆಷಿನ್ನಿಗೆ ತುರುಕಿದಳು. ಅಳಲಿಲ್ಲ. ಅಳುವುದಕ್ಕೂ ಒಂದು ಬಿಡುವು ಬೇಕು. ಬೀದಿ ಬಾಗಿಲಿಗೆ ಚಿಲಕ ಹಾಕಿದೆಯೋ ಇಲ್ಲವೋ ಎಂದು ಮೊದಲು ನೋಡಬೇಕಿತ್ತು.

ಗ್ಲೆಂಡಾ ಪೆಟಿಟ್ ಎಂದರೆ ಕೆಟರಿಂಗ್ ಎಂಬ ಊರಿನ ಆ ಬೀದಿಯಲ್ಲಿ ರುಚಿಗೆ ಹೆಸರಾದವಳು. ಅಡುಗೆಯ ರುಚಿಯಲ್ಲ, ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ಮನೆ ಸಿಂಗರಿಸುವ ಅಭಿರುಚಿ. ಲಂಡನ್ನಿನಲ್ಲಿ ಒಂದು ಫ್ಯಾಷನ್ ಹುಟ್ಟಿದರೆ ಅದು ರೈಲು ಹತ್ತಿ ಕೆಟರಿಂಗಿನಲ್ಲಿ ಇಳಿದು ಮೊದಲು ತನ್ನ ಮನೆಗೇ ಬರಬೇಕೆಂಬುದು ಅವಳ ನಂಬಿಕೆ. ಉಳಿದವರಿಗೆ ಮನೆ ಎಂದರೆ ಮಳೆಗಾಳಿ ತಡೆಯುವ ಕಟ್ಟಡ. ಅವಳಿಗೆ ಮನೆ ಎಂದರೆ ಬೀದಿಗೆ ಕೊಡುವ ಹೇಳಿಕೆ.

ಹೊಸದಾಗಿ ಮದುವೆಯಾಗಿ ಬಂದಾಗ ಕಿತ್ತಳೆಯ ಕಾಲ ನಡೆದಿತ್ತು. ಮುಂದಿನ ಕೋಣೆಗೆ ಕಂದು ಗೋಡೆ, ಅದರ ಮೇಲೆ ತಟ್ಟೆಯಷ್ಟು ಅಗಲದ ಕಿತ್ತಳೆ ವೃತ್ತಗಳ ವಾಲ್‌ಪೇಪರ್, ನೆಲಕ್ಕೆ ಉದ್ದ ಕೂದಲಿನ ಕಂಬಳಿ. ಆ ಕಂಬಳಿಯನ್ನು ಭಾನುವಾರ ಭಾನುವಾರ ತೋಟದ ಕುಂಟೆಯಂಥದ್ದರಿಂದ ಬಾಚಬೇಕಾಗುತ್ತಿತ್ತು. ಆಮೇಲೆ ಹೂವಿನ ಕಾಲ ಬಂತು. ಗೋಡೆಗೆ ಹೂ, ಪರದೆಗೆ ಹೂ, ಸೋಫಾಕ್ಕೆ ಹೂ. ಮಗಳು ಲಿಂಡ್ಸಿ ಹೂವಿನ ಫ್ರಾಕು ತೊಟ್ಟು ಸೋಫಾದ ಮೇಲೆ ಮಲಗಿದರೆ ಮಗು ಎಲ್ಲಿ ಎಂದು ಹುಡುಕುವಂತಾಗುತ್ತಿತ್ತು. ಅದು ಮುಗಿಯುತ್ತಲೇ ಸ್ಪಾಂಜಿಗೆ ಬಣ್ಣ ಅದ್ದಿ ಗೋಡೆಗೆ ಒತ್ತುವ ಹುಚ್ಚು. ಇಟಲಿಯ ಹಳೇ ಅರಮನೆಯಂತೆ ಕಾಣಬೇಕಿತ್ತು. "ಗೋಡೆಗೆ ಕಜ್ಜಿ ಬಂದಂಗಿದೆ ಕಣೇ" ಎಂದು ನೆವಿಲ್ ಅಂದಿದ್ದ. ಅಂದರೂ ಒತ್ತಿದ್ದ. ಬಳಿಕ ಟಿವಿಯವರು ಎಲ್ಲವನ್ನೂ ಕಿತ್ತೊಗೆಯಿರಿ ಎಂದರು, ಕಿತ್ತೊಗೆದದ್ದಾಯಿತು. ನೆಲಕ್ಕೆ ಮರದಂತೆ ಕಾಣುವ ಹಲಗೆ, ಒಂದು ಗೋಡೆಗೆ ಮಾತ್ರ ಕೆಂಪು. ಕೊನೆಗೆ ಬೂದು ಬಂತು. ಗೋಡೆ, ಸೋಫಾ, ದಿಂಬು, ಹೂದಾನಿ, ಹೂದಾನಿಯೊಳಗಿನ ಒಣಕಡ್ಡಿ, ಎಲ್ಲ ಬೂದು. ಬೂದು ಬಣ್ಣದ ಜೊತೆಗೇ ಮರದ ದೊಡ್ಡ ಅಕ್ಷರಗಳನ್ನು ಗೋಡೆಗೆ ಸಿಕ್ಕಿಸುವ ಪದ್ಧತಿಯೂ ಬಂದಿತ್ತು. ಗ್ಲೆಂಡಾಳ ಅಗ್ಗಿಷ್ಟಿಕೆಯ ಮೇಲೆ 'ಮನೆ' ಎಂದಿತ್ತು. ಅಲ್ಲಿಗೆ ಬಂದವರು ಗ್ರಂಥಾಲಯ ಎಂದೋ ಪೊಲೀಸ್ ಠಾಣೆ ಎಂದೋ ತಿಳಿಯಬಾರದಲ್ಲ.

ಆ ಅಕ್ಷರಗಳ ಅಡಿಯಲ್ಲಿ ಕೂತುಕೊಂಡೇ ನೆವಿಲ್ ಮೊದಲ ಸಲ ಕೇಳಿದ್ದು. "ಇನ್ನು ಮನೆಗೆ ಹೋಗೋಣ್ವಾ?"

ನೆವಿಲ್ ದುಡಿದದ್ದು ಬೂಟಿನ ಕಾರ್ಖಾನೆಯಲ್ಲಿ, ಚರ್ಮ ಕತ್ತರಿಸುವ ಕೆಲಸ. ಮನೆಯಲ್ಲಿ ಅವನು ಕತ್ತರಿಸಿದ್ದು ವಾಲ್‌ಪೇಪರು. ಗ್ಲೆಂಡಾ ಕೈ ತೋರಿಸಿದ ಕಡೆಗೆಲ್ಲ ಏಣಿ ಹಾಕಿ, ಗೊಣಗುತ್ತ, ಹಳೆಯದನ್ನು ಕೆರೆದು ಹೊಸದನ್ನು ಹಚ್ಚಿದವನು ಅವನೇ. ನೆನೆದ ಕೊಕ್ಕರೆಯ ಹೊತ್ತಿಗೆ ಮಾತ್ರ ಅವನ ಕೈಯಲ್ಲಿ ಆಗಲಿಲ್ಲ. ಕಾಯಿಲೆಗೆ ಡಾಕ್ಟರು ಹೆಸರು ಹೇಳಿ ಆಗಿತ್ತು. ಮನೆ ಕಳೆಕಳೆಯಾದರೆ ಅವನೂ ಗೆಲುವಾದಾನು ಎಂದು ಗ್ಲೆಂಡಾ ಕೂಲಿಗೆ ಒಬ್ಬ ಪೇಂಟರನ್ನು ಕರೆಸಿದಳು. ಅವನು ರೇಡಿಯೋ ಹಾಕಿಕೊಂಡು ಬಣ್ಣ ಬಳಿಯುವಷ್ಟೂ ದಿನ ನೆವಿಲ್ ಹೊರಗೆ ಕಾರಿನಲ್ಲಿ, ಬೆಲ್ಟ್ ಬಿಗಿದುಕೊಂಡು, ಯಾರೋ ಬಂದು ಕರೆದುಕೊಂಡು ಹೋಗುತ್ತಾರೆಂಬಂತೆ ಕೂತಿದ್ದ.

ಟವೆಲ್ ಪ್ರಸಂಗದ ಮರುವಾರ ಅವನು ಚಿಲಕ ತೆಗೆದು ಹೊರಟೇ ಹೋದ. ಬಸ್ ನಿಲ್ದಾಣದಲ್ಲಿ ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಕೂತಿದ್ದವನನ್ನು ಯಾರೋ ಗುರುತು ಹಿಡಿದು ಫೋನ್ ಮಾಡಿದರು. ಲಿಂಡ್ಸಿ ಲೆಸ್ಟರಿನಿಂದ ಕಾರು ಓಡಿಸಿಕೊಂಡು ಬಂದಳು. ಅಡುಗೆಮನೆಯಲ್ಲಿ ಕೋಟೂ ಬಿಚ್ಚದೆ ನಿಂತು ಹೇಳಿದಳು.

"ಅಮ್ಮಾ, ವೃದ್ಧರ ಆರೈಕೆ ಮನೇಲಿ ಒಂದು ಕೋಣೆ ಖಾಲಿಯಾಗಿದೆ. ಹಿಡಿದಿಟ್ಟುಕೊಳ್ಳಿ ಅಂದಿದೀನಿ. ಈ ತಿಂಗಳ ಕೊನೆ ತನಕ ಕಾಯ್ತಾರೆ."

"ಅಪ್ಪ ನನ್ನ ಬಿಟ್ಟು ಇರಲ್ಲ ಕಣೇ."

"ಅಪ್ಪಂಗೆ ನೀನು ಯಾರು ಅಂತಾನೇ ಗೊತ್ತಿಲ್ಲ ಅಮ್ಮ! ಹೋಟೆಲ್ ನಡೆಸೋಳು ಅಂದ್ಕೊಂಡಿದ್ದಾರೆ!"

"ನಾನು ಹೋಗಿ ನೋಡಿ ಬಂದಿದೀನಿ ಆ ಜಾಗಾನ. ಗೋಡೆ ಎಲ್ಲ ಕೆನೆ ಬಣ್ಣ. ಕೆನೆ ಪರದೆ. ಕುರ್ಚಿಗಳು ಒರೆಸಿದ್ರೆ ಸ್ವಚ್ಛ ಆಗೋ ಥರದ್ದು."

"ಅಲ್ಲಮ್ಮ, ಅಪ್ಪ ರಸ್ತೆ ಮಧ್ಯ ಬಸ್ಸಿಗೆ ಸಿಕ್ಕಿ ಸಾಯೋ ಸ್ಥಿತೀಲಿದ್ದಾರೆ, ನೀನು ಪರದೆ ಬಣ್ಣ ಹೇಳ್ತಾ ಇದೀಯ."

ಮಗಳು ಹೇಳಿದ್ದು ನಿಜ. ಆದರೆ ಬೇರೆ ಯಾವ ಭಾಷೆಯಲ್ಲಿ ಹೇಳುವುದೆಂದು ಗ್ಲೆಂಡಾಗೆ ತಿಳಿಯಲಿಲ್ಲ. ಹೆದರಿಕೆಯನ್ನೂ ಅವಳು ಪರದೆ, ದಿಂಬುಗಳ ಮೂಲಕವೇ ಹೇಳಿಕೊಂಡು ಬಂದವಳು.

ಲಿಂಡ್ಸಿ ಹೋದ ಮೇಲೆ ಅವಳು ನೆನೆದ ಕೊಕ್ಕರೆಯ ನಡುವೆ ಕೂತು ಯೋಚಿಸಿದಳು. ಅವನು ಮನೆಗೆ ಹೋಗಬೇಕು ಅನ್ನುತ್ತಾನೆ. ಅಂದರೆ ಅವನ ತಲೆಯಲ್ಲಿ ಒಂದು ಮನೆ ಇದೆ. ಆ ಮನೆ ಇದೇ ಮನೆ. ಅದರ ಮೇಲೆ ಒಂದಾದ ಮೇಲೊಂದು ಬಳಿದು, ಹಚ್ಚಿ, ಹೊದಿಸಿ ಮುಚ್ಚಿ ಹಾಕಿದವಳು ತಾನು. ಗಂಡ ಕಳೆದುಹೋದದ್ದು ಕಾಯಿಲೆಯಿಂದ ಅಲ್ಲ, ತನ್ನ ಅಭಿರುಚಿಯಿಂದ. ಹೀಗೆ ಅನ್ನಿಸಿದ ಕೂಡಲೇ ಅವಳು ಹೆದರಿದಳು. ಮರುಕ್ಷಣವೇ ಸ್ವಲ್ಪ ಧೈರ್ಯವೂ ಬಂತು. ಕಾಯಿಲೆಗೆ ಅವಳಲ್ಲಿ ಮದ್ದಿರಲಿಲ್ಲ. ಗೋಡೆಗೆ ಇತ್ತು.

ಹತ್ತಿರ ಹೋಗಿ ಕೂತು ಕೇಳಿದಳು. "ನೆವ್, ನಿಮ್ಮನೆ ಹೇಗಿದೆ? ಯಾವ ಬಣ್ಣ?"

"ದುಂಡಗಿದೆ" ಎಂದ. ಕೈಯಿಂದ ಗಾಳಿಯಲ್ಲಿ ಒಂದು ವೃತ್ತ ಬರೆದ. "ಕಿತ್ತಳೆ."

ಪಕ್ಕದ ಮನೆಯ ಪಾಲೀನ್ ಟೆಬಟ್ ವಿಧವೆ, ಗಂಡ ಡೆರೆಕ್ ತೀರಿಹೋಗಿದ್ದ. ಎರಡೂ ಮನೆಗಳು ಒಂದೇ ನಡುಗೋಡೆಗೆ ಅಂಟಿಕೊಂಡು, ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿ ಕಟ್ಟಿದಂಥವು. ಮನೆಯೊಡತಿಯರೂ ಹಾಗೆಯೇ. ಗ್ಲೆಂಡಾ ಐದೈದು ವರ್ಷಕ್ಕೆ ಮನೆಯ ಸಿಂಗಾರ ಬದಲಾಯಿಸಿದರೆ ಪಾಲೀನ್ ಎಷ್ಟೋ ವರ್ಷದಿಂದ ಏನನ್ನೂ ಬದಲಾಯಿಸಿದವಳಲ್ಲ. ಅವಳ ಮುಂದಿನ ಕೋಣೆಯಲ್ಲಿ ಇನ್ನೂ ಹೂವಿನ ಕಾಲ ನಡೆದಿತ್ತು. ಗ್ಲೆಂಡಾ ಏನು ಮಾಡಿದರೂ ಬೇಲಿಯ ಮೇಲಿಂದ ಒಂದು ಮಾತು ಎಸೆಯುವುದು ಅವಳ ಹಕ್ಕು. ಈಗ ಗ್ಲೆಂಡಾ ಅವಳ ಅಟ್ಟದಲ್ಲಿ ದೀಪಕ್ಕೆ ಹೊದಿಸುವ ಹಳೇ ಕಿತ್ತಳೆ ಬುಟ್ಟಿ ಇದೆಯೇ ಎಂದು ಕೇಳಲು ಹೋದಳು.

"ಇದೆ ಬಾತುಮರಿ" ಎಂದಳು ಪಾಲೀನ್. ಆ ಸೀಮೆಯಲ್ಲಿ ಪ್ರೀತಿಗೂ ಚುಚ್ಚುವುದಕ್ಕೂ ಎಲ್ಲರೂ ಎಲ್ಲರನ್ನೂ ಕರೆಯುವುದು ಹಾಗೆಯೇ. "ಅದೂ ಫ್ಯಾಷನ್ ಆಯ್ತಾ ಮತ್ತೆ? ನನ್ನ ಸೊಸೆ ಹೇಳ್ತಿದ್ಲು, ಅಂಗಡೀಲಿ ಹಳೇದರ ಥರ ಹೊಸದು ಮಾಡಿ ಮಾರ್ತಾರಂತೆ. ನೀನು ಬಿಡ್ತೀಯಾ? ಗಂಡ ಹಾಗಿದ್ರೂ ನೀನು ಮಾತ್ರ ಬಿಡಲ್ಲ."

ಅಲ್ಲ ಪಾಲೀನ್, ಇದು ಫ್ಯಾಷನ್ನಿಗಲ್ಲ ಎಂದು ಹೇಳಬಹುದಿತ್ತು. ಗ್ಲೆಂಡಾ ಹೇಳಲಿಲ್ಲ. ಬೀದಿಗೆ ತನ್ನ ಬಗ್ಗೆ ಕನಿಕರ ಹುಟ್ಟುವುದಕ್ಕಿಂತ ಹೊಟ್ಟೆಕಿಚ್ಚು ಹುಟ್ಟುವುದೇ ವಾಸಿ ಎಂದು ಅವಳಿಗೆ ಅನ್ನಿಸಿತು.

ಇಂಥ ಕಾಯಿಲೆಯವರನ್ನು ಹಗಲಲ್ಲಿ ನೋಡಿಕೊಳ್ಳುವ ಕೇಂದ್ರಕ್ಕೆ ನೆವಿಲ್ ಹೋಗುತ್ತಿದ್ದ ದಿನಗಳಲ್ಲೆಲ್ಲ ಅವಳು ಮುಂದಿನ ಕೋಣೆಯ ಬಾಗಿಲು ಹಾಕಿಕೊಂಡು ದುಡಿದಳು. ಎಪ್ಪತ್ತು ದಾಟಿದ ಹೆಂಗಸು, ಬಲಭುಜ ಕಿವಿಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಚಾವಣಿಯ ಹತ್ತಿರ ಎಡಗೈಯಲ್ಲಿ ಬಳಿದಳು. ಕಂದು ಬಣ್ಣ ಸಿಕ್ಕಿತು. ವೃತ್ತದ ವಾಲ್‌ಪೇಪರು ಹೊಸದೇ ಸಿಕ್ಕಿತು, ಹಳೆಯದರ ಪಡಿಯಚ್ಚು. ದಾನವಾಗಿ ಬಂದ ಹಳೇ ಸಾಮಾನು ಮಾರುವ ಅಂಗಡಿಗಳನ್ನೆಲ್ಲ ಸುತ್ತಿ ಗಾಜಿನ ಮೀನು, ಕಂದು ಕಾಫಿ ಲೋಟ, ಹೊಗೆಬಣ್ಣದ ಗಾಜಿನ ಮೇಜು ತಂದಳು. ಮುಗಿದ ಮೇಲೆ ನಡುವೆ ನಿಂತು ನೋಡಿದರೆ ಅವಳಿಗೇ ಆ ಕಾಲ ಮರಳಿ ಬಂದಂತಾಯಿತು. ಇದೇ ಕೋಣೆಯಲ್ಲಿ ಅವನು ಅವಳಿಗೆ ಕುಣಿಯಲು ಕಲಿಸಿದ್ದ, ಕಂಬಳಿಯ ಕೂದಲಿಗೆ ಕಾಲು ಸಿಕ್ಕಿ ಇಬ್ಬರೂ ಬಿದ್ದಿದ್ದರು.

ಇಂಗ್ಲೆಂಡಿನ ಟಿವಿಯಲ್ಲಿ ಮನೆ ಸಿಂಗರಿಸುವ ಕಾರ್ಯಕ್ರಮ ನೋಡಿ ಬೆಳೆದವರೆಲ್ಲ ಮಾಡುವ ಒಂದು ತಪ್ಪನ್ನು ಅವಳೂ ಮಾಡಿದಳು. ಎಲ್ಲ ಮುಗಿಸಿ, ಧೂಳು ಒರೆಸಿ, ಗಂಡನ ಕಣ್ಣಿಗೆ ಕೈ ಮುಚ್ಚಿ ಹೊಸ್ತಿಲ ತನಕ ಕರೆತಂದು ಥಟ್ಟನೆ ಕೈ ತೆಗೆದಳು.

ನೆವಿಲ್ ಟೋಪಿ ತೆಗೆದ. ಸುತ್ತಲೂ ನೋಡಿದ. ಸೋಫಾದ ಅಂಚಿನಲ್ಲಿ, ಹೊಸಬರ ಮನೆಯಲ್ಲಿ ಕೂರುವಂತೆ, ಮಂಡಿ ಜೋಡಿಸಿ ಕೂತ.

"ಹೇಗಿದೆ ನೆವ್?"

"ಚೆನ್ನಾಗಿದೆ ಮೇಡಂ. ಎಲ್ಲ ಮುಗಿಸಿಬಿಟ್ಟಿದೀರಿ." ಆಮೇಲೆ ಅವಳ ಕಡೆಗೆ ಬಾಗಿ, ಗುಟ್ಟಿನಂತೆ ಹೇಳಿದ. "ನನ್ನ ಹೆಂಡ್ತಿಗೆ ತೋರಿಸ್ಬೇಡಿ. ಬಂದ್ರೆ ಇದನ್ನೆಲ್ಲ ಕಿತ್ತು ಹಾಕ್ತಾಳೆ. ಅವಳಿಗೆ ಯಾವ್ದೂ ಮುಗಿದಿರಬಾರ್ದು."

"ಎಲ್ಲಿದಾಳೆ ನಿಮ್ಮ ಹೆಂಡ್ತಿ?" ಎಂದು ಗ್ಲೆಂಡಾ ಕೇಳಿದಳು.

"ಮನೇಲಿ. ಕಾಯ್ತಾ ಇರ್ತಾಳೆ. ಹೊತ್ತಾಯ್ತು." ಅವನು ಎದ್ದು ಟೋಪಿ ಹಾಕಿಕೊಂಡ.

ಅವನನ್ನು ಅಡುಗೆಮನೆಯಲ್ಲಿ ಬಿಸ್ಕತ್ತಿನ ಮುಂದೆ ಕೂರಿಸಿ ಬಂದಳು. ಕೋಣೆಯ ಬಾಗಿಲು ಹಾಕಿಕೊಂಡಳು. ಕಿತ್ತಳೆ ವೃತ್ತಗಳು ನೂರು ಬಾಯಿ ತೆರೆದು ಅವಳನ್ನು ನೋಡುತ್ತಿದ್ದವು. ಮೂರು ದಿನದಲ್ಲಿ ತಿಂಗಳು ಮುಗಿಯುತ್ತಿತ್ತು. ಗ್ಲೆಂಡಾ ಉಗುರು ಸಿಕ್ಕಿಸಿ ಒಂದು ಮೂಲೆ ಎಬ್ಬಿಸಿ ಎಳೆದಳು. ಅರ್ಧಕ್ಕೇ ಹರಿಯಿತು. ಕೆರೆಯುವ ಚಾಕು ತೆಗೆದುಕೊಂಡು ಗೋಡೆಯ ಮೇಲೆ ಕೊಚ್ಚತೊಡಗಿದಳು. ಬಾಯಲ್ಲಿ ಏನೇನು ಬರುತ್ತಿತ್ತೋ, ಚರ್ಚಿಗೆ ಹೋಗುವ ಹೆಂಗಸು ಆಡುವ ಮಾತುಗಳಲ್ಲ. ಕಾಗದ ಚೂರುಚೂರಾಗಿ ತಲೆಗೂದಲಿಗೆ ಅಂಟಿತು. ಗಾರೆಯ ಪುಡಿ ಕಣ್ಣಿಗೆ ಬಿತ್ತು.

"ಒಣಗೋಡೆ ಕೆರೀತಾ ಇದೀಯಲ್ಲೇ!"

ತಿರುಗಿದಳು. ನೆವಿಲ್ ಬಾಗಿಲಲ್ಲಿ ನಿಂತಿದ್ದ. ಮುಖದಲ್ಲಿ ಸಿಟ್ಟು. ಎಷ್ಟೋ ತಿಂಗಳಿಂದ ಅವನ ಮುಖದಲ್ಲಿ ಸಿಟ್ಟು ಕಂಡಿರಲಿಲ್ಲ, ಬರೀ ಮರ್ಯಾದೆ.

"ಮೊದ್ಲು ನೆನೆಸ್ಬೇಕು. ಎಷ್ಟು ಸಲ ಹೇಳೋದು ನಿನಗೆ? ನೋಡು, ಗಾರೆ ಹೆಂಗೆ ಕಿತ್ತಿದೀಯ. ಕೊಡಿಲ್ಲಿ." ಚಾಕು ಕಿತ್ತುಕೊಂಡ. "ಸೋಫಾ ನಡುಮಧ್ಯಕ್ಕೆ ಎಳಿ. ಹಳೇ ಬೆಡ್‌ಶೀಟ್ ಹೊದಿಸು. ಬಕೆಟ್ಟು ತಗೊಂಡ್ ಬಾ, ಬಿಸಿನೀರು. ಟೀನೂ ಇಡು ಗ್ಲೆನ್, ಗಂಟಲೆಲ್ಲ ಧೂಳು."

ಗ್ಲೆನ್.

ಅವಳು ಬಕೆಟ್ಟು ತರುವಷ್ಟರಲ್ಲಿ ಅವನು ತಾನಾಗಿ ಮೆಟ್ಟಿಲ ಕೆಳಗಿನ ಗೂಡಿಗೆ ಹೋಗಿ ಏಣಿ ಹೊತ್ತು ತಂದಿದ್ದ. ಸಂಜೆಯವರೆಗೆ ಒಂದು ಗೋಡೆ ಕೆರೆದರು. ಸೋಫಾದ ಬೆನ್ನಿಗೆ ಒರಗಿ, ಮೀನು ಮತ್ತು ಆಲೂಗಡ್ಡೆಯ ಪೊಟ್ಟಣ ಬಿಚ್ಚಿ, ಅಂಟು ಹಚ್ಚುವ ಮೇಜಿನ ಮೇಲೆ ಹರಡಿ ತಿಂದರು. ಅವನು ಒಮ್ಮೆಯೂ ಹೊರಡುವ ಮಾತೆತ್ತಲಿಲ್ಲ. ಎದ್ದು ಮಹಡಿಗೆ ಹೋಗಿ ಬಂದ. ಗ್ಲೆಂಡಾ ಓಡಿಹೋಗಿ ನೋಡಿದಳು. ಟವೆಲುಗಳು ಒಣಗಿದ್ದವು.

ಅವಳಿಗೆ ಆಗ ಅರ್ಥವಾಯಿತು, ಅರ್ಥವಾದದ್ದು ಸಂತೋಷವನ್ನೇನೂ ಕೊಡಲಿಲ್ಲ. ಕಿತ್ತಳೆಯೂ ಅವನ ಮನೆಯಲ್ಲ, ಹೂವೂ ಅಲ್ಲ, ಬೂದೂ ಅಲ್ಲ. ಮುಗಿದ ಕೋಣೆಗಳೆಲ್ಲ ಅವಳವು. ಅವಳವು, ಪಾಲೀನಳವು, ಕ್ರಿಸ್‌ಮಸ್ಸಿಗೆ ಬರುವ ನೆಂಟರವು. ಅವನಿಗೆ ಸೇರಿದ್ದು ಈ ರಾದ್ಧಾಂತ. ಬೆಡ್‌ಶೀಟ್ ಹೊದ್ದ ಸೋಫಾ, ಒದ್ದೆ ಕಾಗದದ ವಾಸನೆ, ಮೇಜಿನ ಮೇಲೆ ಊಟ, ಏಣಿಯ ಬುಡದಲ್ಲಿ ಹೆಂಡತಿ ನಿಂತು ಎಡಕ್ಕೆ, ಬಲಕ್ಕೆ ಎನ್ನುವುದು. ಇಷ್ಟು ವರ್ಷ ಅವಳು ಯಾವುದನ್ನು ಬೇಗ ಮುಗಿಯಲಿ, ಯಾರೂ ನೋಡದಿರಲಿ ಎಂದು ಪರದೆ ಎಳೆದು ಮುಚ್ಚುತ್ತಿದ್ದಳೋ ಅದೇ ಅವನ ಮನೆಯಾಗಿತ್ತು.

ತಿಂಗಳ ಕೊನೆಯ ದಿನ ಲಿಂಡ್ಸಿ ಬಂದಳು. ಆರೈಕೆ ಮನೆಯವರಿಗೆ ಸಂಜೆಯೊಳಗೆ ಉತ್ತರ ಹೇಳಬೇಕಿತ್ತು. ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತಳು.

"ಅಮ್ಮಾ! ನಿನಗೇನಾದ್ರೂ ತಲೆ ನೆಟ್ಟಗಿದೆಯಾ? ಈ ಸ್ಥಿತೀಲಿರೋ ಮನುಷ್ಯನ್ನ ಏಣಿ ಹತ್ತಿಸಿದೀಯಲ್ಲ!"

"ನಾನು ಹಿಡ್ಕೊಂಡಿದೀನಿ."

"ನಿನ್ನ ಭುಜ ಎತ್ತಕ್ಕೆ ಆಗಲ್ಲ, ನೀನು ಹಿಡ್ಕೊಂಡಿದೀಯ! ಇಬ್ರೂ ಬಿದ್ರೆ ನಾನು ಎರಡು ಕೋಣೆ ಹುಡುಕ್ಬೇಕು, ಅಷ್ಟೇ ವ್ಯತ್ಯಾಸ. ಈ ಹಾಳು ಗೋಡೆ ಹುಚ್ಚು ಯಾವತ್ತು ಬಿಡುತ್ತೆ ನಿನಗೆ? ನನ್ನ ಹುಟ್ಟುಹಬ್ಬಕ್ಕೆ ಒಂದ್ಸಲಾನೂ ಮುಂದಿನ ಕೋಣೆ ಖಾಲಿ ಇರ್ಲಿಲ್ಲ!"

"ಲಿಂಡ್ಸಿ ಪುಟ್ಟೀ" ಎಂದ ನೆವಿಲ್ ಏಣಿಯ ಮೇಲಿಂದ. "ಕಾಲಡಿ ನೋಡ್ಕೊ. ಅಂಟಿನ ಬಕೆಟ್ಟಿದೆ. ಆಮೇಲೆ ಅಮ್ಮನ ಮೇಲೆ ಕೂಗಾಡ್ವಂತೆ."

ಲಿಂಡ್ಸಿ ಕಾಲಡಿ ನೋಡಿದಳು. ಅಂಟಿನ ಬಕೆಟ್ಟಿತ್ತು. ಅವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಬಹಳ ಹೊತ್ತು ಅತ್ತಳು. ಮುಖ ತೊಳೆದುಕೊಂಡು ಬಂದು ತಾಯಿಯನ್ನು ಪಕ್ಕಕ್ಕೆ ಕರೆದಳು.

"ಫೋನ್ ಮಾಡ್ದೆ. ಬೇಡವೇ ಬೇಡ ಅಂತೇನೂ ಅನ್ನಲಿಲ್ಲ. ಈ ಸಲ ಇನ್ನೊಬ್ರಿಗೆ ಕೊಡಿ, ಮುಂದೆ ಖಾಲಿಯಾದಾಗ ನಮ್ಮನ್ನೇ ಮೊದ್ಲು ಕರೀರಿ ಅಂದೆ. ಅಪ್ಪ ಇನ್ನೊಂದ್ಸಲ ಬೀದಿಗೆ ಹೋದ್ರೆ ಮುಗೀತು ಅಮ್ಮ. ಆಮೇಲೆ ನನ್ನ ಹತ್ರ ಜಗಳ ಆಡ್ಬೇಡ." ಏಣಿಯ ಕಡೆ ನೋಡಿ ಕೇಳಿದಳು. "ಈ ಕೋಣೆ ಮುಗಿದ ಮೇಲೆ ಏನ್ಮಾಡ್ತೀಯ?"

"ಮುಗಿಸಲ್ಲ" ಎಂದಳು ಗ್ಲೆಂಡಾ.

ಹೇಳುವುದು ಸುಲಭ. ಮುಗಿಸದೇ ಇರುವುದು ಎಷ್ಟು ಕಷ್ಟವೆಂದು ಅವಳಿಗೂ ಗೊತ್ತಿರಲಿಲ್ಲ. ನೆವಿಲ್ ಸೋಮಾರಿಯಾಗಿದ್ದರೆ ಬಚಾವಾಗುತ್ತಿದ್ದಳು. ಹೆಸರುಗಳು ಉದುರಿಹೋಗಿದ್ದವು, ವರ್ಷಗಳು ಉದುರಿಹೋಗಿದ್ದವು, ಕೈ ಮಾತ್ರ ಸರಿಯಾಗಿ ನೆಟ್ಟಗೆ ಓಡುತ್ತಿತ್ತು. ಒಂದು ಪಟ್ಟಿ ಕಾಗದ ಹಚ್ಚಿ, ಬ್ರಷ್ ಎಳೆದು, ಜೋಡಣೆಯ ಗೆರೆ ಕಾಣದಂತೆ ಒತ್ತಿ, ಇನ್ನೊಂದಕ್ಕೆ ಕೈ ಹಾಕುತ್ತಿದ್ದ. ಕೋಣೆ ತುಂಬುವುದನ್ನು ಗ್ಲೆಂಡಾ ನೆರೆ ನೀರು ಏರುವುದನ್ನು ನೋಡುವಂತೆ ನೋಡುತ್ತಿದ್ದಳು. ಒಮ್ಮೆ ನಾಲ್ಕೂ ಗೋಡೆ ಮುಗಿದುಬಿಟ್ಟವು. ಅವನು ಬ್ರಷ್ ತೊಳೆದಿಟ್ಟು, ಟೋಪಿ ಹುಡುಕಿ, "ಇಲ್ಲಿ ಕೆಲಸ ಆಯ್ತು ಮೇಡಂ" ಎಂದ. ಅವಳು ಬೀದಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅಂದು ಅವನು ಅವಳ ತೋಳು ಹಿಡಿದು ಎಳೆದ ಗುರುತು ಹೋಗಲು ಬಹಳ ದಿನ ಬೇಕಾಯಿತು. ಲಿಂಡ್ಸಿ ಬಂದಾಗಲೆಲ್ಲ ಉದ್ದ ತೋಳಿನ ಅಂಗಿ ಹಾಕಿಕೊಂಡಳು.

ಅಲ್ಲಿಂದ ಮುಂದೆ ಅವಳು ಮಧ್ಯಾಹ್ನದ ಊಟವಾಗಿ ಅವನು ಕುರ್ಚಿಯಲ್ಲಿ ತೂಕಡಿಸುವ ಹೊತ್ತು ಕಾಯುತ್ತಿದ್ದಳು. ಬೆಳಿಗ್ಗೆ ಹಚ್ಚಿದ ಕಾಗದ ಇನ್ನೂ ಹಸಿಯಿರುತ್ತಿತ್ತು. ಕೆಳತುದಿ ಹಿಡಿದು ಸದ್ದಾಗದಂತೆ ಸುಲಿದು, ಕಪ್ಪು ಚೀಲಕ್ಕೆ ಮಡಚಿ ತುಂಬಿ, ಹಿಂದಿನ ಬಾಗಿಲಿನಿಂದ ಸಾಗಿಸುತ್ತಿದ್ದಳು. ಅವನು ಕಣ್ಣು ಬಿಟ್ಟು ಖಾಲಿ ಗೋಡೆ ನೋಡಿ, "ಇನ್ನೂ ಇಷ್ಟಿದೆಯಾ, ಏಳಪ್ಪಾ" ಎಂದು ಉತ್ಸಾಹದಿಂದಲೇ ಏಳುತ್ತಿದ್ದ. ಅವನ ಕೈಕೆಲಸದಲ್ಲೇ ಅತಿ ಚೆಂದದ ಗೋಡೆಗಳವು. ಅವುಗಳನ್ನು ನೋಡಿದವಳು ಅವಳೊಬ್ಬಳೇ. ಬೀದಿ ಮೆಚ್ಚಲೆಂದು ಮನೆ ಸಿಂಗರಿಸಿದವಳ ಮನೆಯ ಕಿಟಕಿಯಿಂದ ಈಗ ಬೀದಿಗೆ ಕಾಣುತ್ತಿದ್ದುದು ಹರಕು ಬೆಡ್‌ಶೀಟು, ಏಣಿ, ಬರಿಗೋಡೆ.

"ಏನ್ ಬಾತುಮರಿ, ಈ ಸಲದ ಫ್ಯಾಷನ್ ಹೆಸ್ರೇನು?" ಎಂದು ಪಾಲೀನ್ ಬೇಲಿಯ ಮೇಲಿಂದ ಕೇಳಿದಳು. ಗ್ಲೆಂಡಾ ಚೀಲದ ಬಾಯಿಗೆ ಗಂಟು ಹಾಕಿದಳು. ಪಾಲೀನ್ ಅವಳ ಮುಖ ನೋಡಿದಳು, ಕಪ್ಪು ಚೀಲ ನೋಡಿದಳು, ಮತ್ತೆ ಕೇಳಲಿಲ್ಲ.

ಆ ಮನೆಯ ಗಾರೆ ಹಿಟ್ಲರನಿಗಿಂತ ಮುಂಚಿನದು. ಇಷ್ಟು ನೆನೆಸಿ, ಸುಲಿದು, ಮತ್ತೆ ನೆನೆಸಿದರೆ ಎಷ್ಟು ತಡೆದೀತು? ಮೊದಲು ಊದಿಕೊಂಡಿತು. ಆಮೇಲೆ ಹಪ್ಪಳದಂತೆ ಎದ್ದಿತು. ಒಂದು ಬೆಳಿಗ್ಗೆ ಅಗ್ಗಿಷ್ಟಿಕೆಯ ಗೋಡೆಯ ಅರ್ಧ ಗಾರೆ ಧೊಪ್ಪೆಂದು ನೆಲಕ್ಕೆ ಬಿದ್ದು ಇಟ್ಟಿಗೆ ಕಂಡಿತು. ನಡುನಡುವೆ ಇದೇ ಆಟ ನಡೆಸಿದ್ದ ಮೇಲಿನ ಕೋಣೆಗಳದ್ದು ಆಗಲೇ ಹೋಗಿತ್ತು. ನೆವಿಲ್ ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ಕುಟ್ಟಿ ಕೇಳಿದ, ಡಾಕ್ಟರು ರೋಗಿಯ ಬೆನ್ನು ಕುಟ್ಟಿದಂತೆ.

"ಸತ್ತಿದೆ" ಎಂದ. "ಇನ್ನು ಈ ಮನೇಲಿ ಅಂಟು ಹಿಡಿಯಲ್ಲ." ಚಾಕು ಒರೆಸಿ ಜೇಬಿಗಿಟ್ಟ. ಅವನ ಕಣ್ಣು ಟೋಪಿಯ ಕಡೆ ಹೋದದ್ದನ್ನು ಗ್ಲೆಂಡಾ ಕಂಡಳು.

"ಒಂದ್ನಿಮಿಷ ಇರು ನೆವ್. ಟೀ ಕುಡಿ. ಬಂದೆ." ಏಪ್ರನ್ ಬಿಚ್ಚದೆ, ಕೂದಲಲ್ಲಿ ಗಾರೆ ಪುಡಿಯಿಟ್ಟುಕೊಂಡೇ, ಬೀದಿ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ ಪಕ್ಕದ ಮನೆಯ ಗಂಟೆ ಒತ್ತಿದಳು.

ಪಾಲೀನ್ ಅವಳನ್ನು ಮುಂದಿನ ಕೋಣೆಯಲ್ಲೇ ಕೂರಿಸಿದಳು. ಗ್ಲೆಂಡಾಗೆ ಕೂರಲಾಗಲಿಲ್ಲ.

"ಪಾಲೀನ್, ನಿನ್ನ ಈ ಕೋಣೆ ನಮಗೆ ಕೊಡು. ಕೆರೆದು ಹೊಸ ಪೇಪರ್ ಹಚ್ಚಿಕೊಡ್ತೀವಿ. ಖರ್ಚು ನಮ್ದೇ."

"ಯಾಕೆ?"

ಗ್ಲೆಂಡಾ ಹೇಳಿದಳು. ಟವೆಲ್ ಕಪಾಟಿನಿಂದ ಹಿಡಿದು ಕಪ್ಪು ಚೀಲದ ತನಕ. ಬೀದಿಯಲ್ಲಿ ಯಾರಿಗೂ ಹೇಳದ್ದನ್ನೆಲ್ಲ, ಎಲ್ಲರಿಗಿಂತ ಹೆಚ್ಚು ಮಾತಾಡುವವಳ ಮುಂದೆ, ನಿಂತುಕೊಂಡೇ ಹೇಳಿದಳು.

ಪಾಲೀನ್ ಗೋಡೆಯ ಕಡೆ ಗಲ್ಲ ಎತ್ತಿ ತೋರಿಸಿದಳು. "ಇದು ನಮ್ಮ ಡೆರೆಕ್ ಹಚ್ಚಿದ್ದು. ಗೊತ್ತಲ್ಲ?"

"ಗೊತ್ತು."

"ಹೂವೆಲ್ಲ ತಲೆಕೆಳಗಾಗಿದೆ. ಅದೂ ಗೊತ್ತಲ್ಲ? ಅವನು ಹಚ್ಚಿದ ದಿನಾನೇ ನೀನು ಕಂಡುಹಿಡಿದೆ. ನನಗೊಂದು ಮಾತು ಹೇಳ್ಲಿಲ್ಲ, ಬೀದಿಗೆಲ್ಲ ಹೇಳಿ ನಕ್ಕೆ. ನಾನು ಕೇಳಿಸ್ಕೊಂಡೆ."

ಗ್ಲೆಂಡಾಳ ಮುಖ ಕೆಂಪಾಯಿತು. "ನಕ್ಕೆ" ಎಂದಳು.

"ನನಗೆ ಮೊದಲ ದಿನಾನೇ ಕಂಡಿತ್ತು ಕಣೇ. ಡೆರೆಕ್‌ಗೆ ಹೇಳ್ಲಿಲ್ಲ. ಪಾಪ, ಅಷ್ಟು ಬೆವರು ಸುರಿಸಿದ್ದ. ಅವನಿಗೆ ಕೊನೆ ತನಕ ಗೊತ್ತಾಗ್ಲಿಲ್ಲ." ಪಾಲೀನ್ ಕೈಯಲ್ಲಿದ್ದ ಕರವಸ್ತ್ರವನ್ನು ಮಡಚಿದಳು, ಬಿಚ್ಚಿದಳು. "ನೀನು ಬಂದು ಇದನ್ನ ಕೇಳ್ತಿದೀಯ."

"ಬೇರೆ ಯಾರನ್ನ ಕೇಳ್ಲಿ ಪಾಲೀನ್? ನನ್ನ ಹತ್ರ ಗೋಡೆ ಇಲ್ಲ."

ನಡುಗೋಡೆಯ ಆಚೆ ಏನೋ ಸದ್ದಾಯಿತು. ನೆವಿಲ್ ಬೀದಿ ಬಾಗಿಲನ್ನು ಅಲುಗಾಡಿಸುತ್ತಿದ್ದ. ಮೊದಲು ಮೆಲ್ಲಗೆ, ಮರ್ಯಾದಸ್ಥನಂತೆ. ಆಮೇಲೆ ಜೋರಾಗಿ. ಇಬ್ಬರೂ ಕೇಳಿಸಿಕೊಂಡರು.

"ಕಿಟಕಿ ಪಕ್ಕದ ಗೋಡೆ ಮುಟ್ಟಬೇಡಿ" ಎಂದಳು ಪಾಲೀನ್. "ಅದು ಹಾಗೇ ಇರ್ಲಿ. ಉಳಿದಿದ್ದು ತಗೊ. ಹೋಗು, ಬಾಗಿಲು ಮುರಿದಾನು."

ನೆವಿಲ್ ಚಾಕು ಹಿಡಿದುಕೊಂಡು, ಗ್ಲೆಂಡಾ ಬಕೆಟ್ಟು ಹಿಡಿದುಕೊಂಡು ಬಂದರು. ಪಾಲೀನ್ ಆಗಲೇ ಸೋಫಾ ನಡುವಿಗೆ ಎಳೆದಿದ್ದಳು. ಹೊಸ್ತಿಲಲ್ಲಿ ನೆವಿಲ್ ನಿಂತುಬಿಟ್ಟ. ಅದೇ ಕೋಣೆ, ಆದರೆ ಎಡಕ್ಕಿರಬೇಕಾದ ಅಗ್ಗಿಷ್ಟಿಕೆ ಬಲಕ್ಕಿತ್ತು, ಬಲಕ್ಕಿರಬೇಕಾದ ಕಿಟಕಿ ಎಡಕ್ಕಿತ್ತು. ಅವನು ಒಳಗೆ ನೋಡಿದ, ಹಿಂದೆ ಬೀದಿ ನೋಡಿದ. ತುಟಿ ಅಲುಗಿತು. ಗ್ಲೆಂಡಾ ಬಕೆಟ್ಟನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಕಾದಳು.

"ಯಾರೋ ಅಗ್ಗಿಷ್ಟಿಕೆ ತಪ್ಪು ಕಡೆಗೆ ಇಟ್ಟಿದಾರೆ" ಎಂದ ನೆವಿಲ್ ಕೊನೆಗೆ. ಒಳಗೆ ಬಂದು ಗೋಡೆಯ ಮೇಲೆ ಅಂಗೈಯಿಟ್ಟ. ಒತ್ತಿದ. ಗೆಣ್ಣಿನಿಂದ ಕುಟ್ಟಿದ. "ಗಾರೆ ಗಟ್ಟಿಯಿದೆ. ನೀರು ತಾ ಗ್ಲೆನ್."

ಗ್ಲೆಂಡಾ ಹೋಗಿ ನೀರು ತುಂಬಿಸಿಕೊಂಡು ಬಂದಳು. ಪಾಲೀನ್ ಕಿಟಕಿಗೋಡೆಗೆ ಬೆನ್ನು ತಾಗಿಸಿ, ಕಾವಲಿಗೆ ನಿಂತವಳಂತೆ ನಿಂತಿದ್ದಳು. ಇಲ್ಲಿ ಮೂರು ಗೋಡೆ. ಪಾಲೀನ್ ಮನಸ್ಸು ಮಾಡಿದರೆ ಮೇಲಿನ ಎರಡು ಕೋಣೆ, ಮೆಟ್ಟಿಲ ಗೋಡೆ. ಒಂದು ಚಳಿಗಾಲ ದಾಟಿಸಬಹುದು. ಅದರಾಚೆಯ ಮನೆಗೆ ಈಚೆಗೆ ಬಂದ ಹುಡುಗಿಯ ಪರಿಚಯ ಗ್ಲೆಂಡಾಗೆ ಇರಲಿಲ್ಲ. ಮಾಡಿಕೊಳ್ಳಬೇಕು. ಅವಳು ಬಕೆಟ್ಟು ಕೆಳಗಿಟ್ಟು, ಸ್ಪಾಂಜು ಹಿಂಡಿ, ತಲೆಕೆಳಗಾದ ಗುಲಾಬಿಗಳನ್ನು ನೆನೆಸತೊಡಗಿದಳು.